ಹೂವು ಅರಳಲಿಲ್ಲ ಯಾಕೆ? ಕೆಲಿಡೋಸ್ಕೋಪ್ ಕೌದಿಯ ಬಟ್ಟೆಯಲ್ಲಿ ದೋಷ ಹುಡುಕುವ ಬಗೆ

ನನ್ನ ಮೊದಲ ಕೆಲಿಡೋಸ್ಕೋಪ್ ಕೌದಿ ಮುಗಿದ ದಿನ ಅದನ್ನು ಮಂಚದ ಮೇಲೆ ಹಾಸಿ ಅತ್ತೆಯವರನ್ನು ಕರೆದೆ. 48 ಷಟ್ಕೋನ, ಒಂದೊಂದಕ್ಕೆ 6 ತ್ರಿಕೋನ, ಒಟ್ಟು 288 ಚೂರು. ಎರಡು ತಿಂಗಳ ಕೆಲಸ. ಅವರು ಒಂದು ಸಲ ನೋಡಿದರು, ಕನ್ನಡಕ ಏರಿಸಿ ಇನ್ನೊಂದು ಸಲ ನೋಡಿದರು. "ಅಲ್ಲ ತಂಗಿ, ಇಷ್ಟ ಚೂರು ಮಾಡಿ ಮತ್ತ ಯಾಕ ಹೊಲದಿ? ಬಟ್ಟಿ ಮೊದಲs ಹಿಂಗ ಇತ್ತಲ್ಲ" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪು ಆಗಿದ್ದು ಎರಡು ತಿಂಗಳ ಹಿಂದೆ, ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ನಿಂತು "ಇದು ಚಂದ ಐತಿ, 3 ಮೀಟರ್ ಕೊಡ್ರಿ" ಅಂದ ಆ ಹೊತ್ತಿಗೆ. ಆಮೇಲೆ ನಾನು ಹೊಲಿದ, ಗೆಳತಿಯರು ಹೊಲಿದು ತಂದು ತೋರಿಸಿದ ಕೌದಿಗಳಲ್ಲಿ ಕೆಟ್ಟದ್ದನ್ನೆಲ್ಲ ಬಿಚ್ಚಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟೇ. ಹೂವು ಅರಳದಿದ್ದರೆ ಮೊದಲು ಬಟ್ಟೆಯನ್ನು ಅನುಮಾನಿಸಿ, ಮಿಷಿನ್ನನ್ನು ಆಮೇಲೆ.

ಹೊಸಬರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಪ್ರಿಂಟ್ ಬಟ್ಟೆಯ ಮೇಲೆ ಒಂದೇ ಚಿತ್ರ ಇಷ್ಟಿಷ್ಟು ಅಂತರಕ್ಕೊಮ್ಮೆ ಮತ್ತೆ ಬರುತ್ತದೆ ಅಲ್ವಾ, ಅದು ರಿಪೀಟ್. ಅಂಥ 6 ರಿಪೀಟ್ ಕತ್ತರಿಸಿ, ಹೂವಿನ ಮೇಲೆ ಅದೇ ಹೂವು ಕೂರುವ ಹಾಗೆ ಪೇರಿಸಿ, ಗುಂಡುಸೂಜಿ ಚುಚ್ಚಿ, ಆರೂ ಪದರವನ್ನು ಒಟ್ಟಿಗೆ 60 ಡಿಗ್ರಿಯ ತ್ರಿಕೋನವಾಗಿ ಕತ್ತರಿಸಬೇಕು. ಒಂದೇ ಏಟಿಗೆ ಆರು ಅವಳಿ ತುಂಡು ಬರುತ್ತವೆ. ಅವುಗಳ ಒಂದೇ ಮೂಲೆ ನಡುವೆ ಬರುವಂತೆ ಸುತ್ತ ಜೋಡಿಸಿದರೆ ಷಟ್ಕೋನ, ಅದೇ ಒಂದು ಬ್ಲಾಕ್. ಆರು ತುಂಡಿನ ಚಿತ್ರ ಕೂಡಿ, ಕೆಲಿಡೋಸ್ಕೋಪಿನಲ್ಲಿ ಕಂಡ ಹಾಗೆ, ಮೂಲ ಬಟ್ಟೆಯಲ್ಲಿ ಇಲ್ಲದ ಹೊಸ ಹೂವು ಮೂಡಬೇಕು. ಹೂವು ಅರಳುವುದು ಅಂತ ನಾನು ಹೇಳುವುದು ಅದಕ್ಕೇ. 8 ರಿಪೀಟ್ ತೆಗೆದುಕೊಂಡು 45 ಡಿಗ್ರಿಗೆ ಕತ್ತರಿಸಿದರೆ ಅಷ್ಟಕೋನ. ನಮ್ಮ ಕಡೆಯ ಹಳೇ ಸೀರೆಯ ಕೌದಿಗೆ ಈ ಕಾಟ ಇಲ್ಲ, ಅಲ್ಲಿ ಯಾವ ಚೂರಿನ ಪಕ್ಕ ಯಾವ ಚೂರು ಬಂದರೂ ನಡೆಯುತ್ತದೆ. ಇಲ್ಲಿ ಪ್ರಿಂಟೇ ಎಲ್ಲ.

ಬ್ಲಾಕ್ ನೋಡಿದರೆ ಮೂಲ ಬಟ್ಟೆಯ ಹಾಗೇ ಇದೆ

ನನ್ನ ಮೊದಲ ಕೌದಿಯ ರೋಗ ಇದು. ನಾನು ತಂದಿದ್ದು ಸಣ್ಣ ಬುಟ್ಟಾದ ಪಾಪ್ಲಿನ್, ಕಡಲೆಕಾಳಿನಷ್ಟು ಹೂವು, ಬಟ್ಟೆ ತುಂಬ ಒಂದೇ ಸಮ. ನನ್ನ ತ್ರಿಕೋನದ ಎತ್ತರ 4 ಇಂಚು. ಅಷ್ಟರೊಳಗೆ ಹದಿನೈದು ಇಪ್ಪತ್ತು ಹೂವು ಬಂದವು. ಎಲ್ಲಿ ಕತ್ತರಿಸಿದರೂ ಅದೇ ಹದಿನೈದು ಇಪ್ಪತ್ತು ಹೂವು. ಆರು ತುಂಡು ಸುತ್ತ ತಿರುಗಿಸಿ ಇಟ್ಟರೂ ಕಣ್ಣಿಗೆ ಹಿಡಿಯಲು ಒಂದು ಆಕಾರವೇ ಇಲ್ಲ.

ಪರೀಕ್ಷೆ ಸುಲಭ. ಹಳೇ ಮದುವೆ ಪತ್ರಿಕೆಯ ದಪ್ಪ ಹಾಳೆಯಲ್ಲಿ ನಿಮ್ಮ ತ್ರಿಕೋನದ ಅಳತೆಯ ಕಿಟಕಿ ಕತ್ತರಿಸಿಕೊಳ್ಳಿ. ಹೊಲಿಗೆಗೆ ಹೋಗುವ ಕಾಲಿಂಚನ್ನು ಸುತ್ತ ಬಿಟ್ಟೇ ಕತ್ತರಿಸಿ, ಕಣ್ಣಿಗೆ ಕಾಣುವಷ್ಟೇ ಜಾಗ ಇರಲಿ. ಅದನ್ನು ಬಟ್ಟೆಯ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಐದು ಕಡೆ ಇಟ್ಟರೆ ಐದು ಬೇರೆ ಬೇರೆ ಚಿತ್ರ ಕಾಣಬೇಕು. ಒಂದು ಕಡೆ ಅರ್ಧ ಎಸಳು, ಇನ್ನೊಂದು ಕಡೆ ಬಳ್ಳಿಯ ತಿರುವು, ಮತ್ತೊಂದು ಕಡೆ ಎಲೆಯ ತುದಿ ಮತ್ತು ಸ್ವಲ್ಪ ಖಾಲಿ ನೆಲ. ಎಲ್ಲಾ ಕಡೆ ಒಂದೇ ಕಂಡರೆ ಆ ಥಾನನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ. ಎಷ್ಟೇ ಚಂದ ಇರಲಿ.

ಹಾಗಾದರೆ ಯಾವುದು ತರಬೇಕು? ನಗಬೇಡಿ, ನೈಟಿ ಬಟ್ಟೆ. ನಮ್ಮ ಊರಲ್ಲಿ ಅಂಗೈ ಅಗಲದ ಹೂವು, ಎದ್ದು ಕಾಣುವ ಬಣ್ಣ, ಬಾಗಿದ ಬಳ್ಳಿ, ಅದೂ ಹತ್ತಿಯಲ್ಲಿ, ಕಡಿಮೆ ದುಡ್ಡಿಗೆ ಬೇಕೆಂದರೆ ನೈಟಿ ಬಟ್ಟೆಯ ರ‍್ಯಾಕಿಗೇ ಹೋಗಬೇಕು. ಮೈಮೇಲೆ ಹಾಕಿಕೊಳ್ಳಲು ನಾಚಿಕೆ ಆಗುವಷ್ಟು ದೊಡ್ಡ ಪ್ರಿಂಟ್ ಇದ್ದರೆ ಕೆಲಿಡೋಸ್ಕೋಪಿಗೆ ಹೇಳಿ ಮಾಡಿಸಿದ್ದು. ಬೆಡ್‌ಶೀಟಿನ ಬಗ್ಗೆ ಮಾತ್ರ ಹುಷಾರು. ಅದರ ಹೂವು ದೊಡ್ಡದಿರುತ್ತದೆ ನಿಜ, ಆದರೆ ಎಷ್ಟೋ ಶೀಟುಗಳಲ್ಲಿ ಇಡೀ ಹಾಸಿಗೆಗೆ ಒಂದೇ ಚಿತ್ರ, ರಿಪೀಟೇ ಇರುವುದಿಲ್ಲ.

ಹೂವು ದೊಡ್ಡದಿದೆ, ಆದರೂ ಬ್ಲಾಕ್ ಮಂಕು

ಇದು ಕಣ್ಣಿಗೆ ಆಗುವ ಮೋಸ. ಕೆಂಪು ನೆಲದ ಮೇಲೆ ಹಸಿರು ಎಲೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಝಗಝಗ ಅನ್ನುತ್ತದೆ. ಮನೆಗೆ ತಂದು ಚೂರು ಮಾಡಿದರೆ ಸಪ್ಪೆ. ಬಣ್ಣ ಬೇರೆ ಆದರೆ ಸಾಲದು, ಒಂದು ತಿಳಿ ಇದ್ದರೆ ಇನ್ನೊಂದು ಗಾಢ ಇರಬೇಕು. ಸಣ್ಣ ಚೂರಿನಲ್ಲಿ ಕಣ್ಣು ಮೊದಲು ಹಿಡಿಯುವುದು ತಿಳಿ ಮತ್ತು ಗಾಢದ ಗಡಿಯನ್ನು, ಬಣ್ಣದ ಹೆಸರನ್ನಲ್ಲ. ಆ ಗಡಿಗಳೇ ಸುತ್ತ ತಿರುಗಿ ನಕ್ಷತ್ರ, ಚಕ್ರ, ಎಸಳು ಆಗುವುದು.

ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ. ಎಲೆ, ಹೂವು, ನೆಲ ಮೂರೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದರೆ ಬೇಡ. ಬಿಳಿ, ಬೂದಿ, ಕಪ್ಪು ಮೂರೂ ಕಂಡರೆ ತನ್ನಿ. ನಾನು ಈಗ ಅಂಗಡಿಯಲ್ಲೇ ಮಾಡುತ್ತೇನೆ, ಯಾರೂ ಏನೂ ಅನ್ನುವುದಿಲ್ಲ, ವಾಟ್ಸಾಪಿನಲ್ಲಿ ಅಕ್ಕನಿಗೆ ಕಳಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಈಗಾಗಲೇ ಕತ್ತರಿಸಿಬಿಟ್ಟಿದ್ದರೆ? ಒಂದು ದಾರಿ ಇದೆ. 60 ಡಿಗ್ರಿಯ ತ್ರಿಕೋನಕ್ಕೆ ಮೂರೂ ಮೂಲೆ ಒಂದೇ ಅಳತೆ. ಅಂದರೆ ಒಟ್ಟಿಗೆ ಕತ್ತರಿಸಿದ ಆರು ತುಂಡಿನ ಒಂದೇ ಕಟ್ಟಿನಿಂದ ಮೂರು ಬೇರೆ ಬೇರೆ ಹೂವು ಸಿಗುತ್ತವೆ, ನಡುವೆ ಯಾವ ಮೂಲೆ ಇಡುತ್ತೀರಿ ಅನ್ನುವುದರ ಮೇಲೆ. ಹೊಲಿಯುವ ಮೊದಲು ಮೂರೂ ಮೂಲೆ ತಿರುಗಿಸಿ ನೋಡಿ. ಮಂಕಾದ ಬ್ಲಾಕಿನಲ್ಲೂ ಒಂದು ಮೂಲೆಯಲ್ಲಿ ಒಂದಿಷ್ಟು ತಿಳಿ ಬಣ್ಣ ಅಡಗಿರುತ್ತದೆ, ಅದು ನಡುವೆ ಬಂದರೆ ದೀಪ ಹಚ್ಚಿದ ಹಾಗೆ ಆಗುತ್ತದೆ. 45 ಡಿಗ್ರಿಯ ತುಂಡಿಗೆ ಈ ಭಾಗ್ಯ ಇಲ್ಲ, ಅದಕ್ಕೆ ಚೂಪು ಮೂಲೆ ಒಂದೇ.

ಬಟ್ಟೆ ಸಾಲಲಿಲ್ಲ, ಅಥವಾ ಬಂದ ಹೂವೇ ಮತ್ತೆ ಮತ್ತೆ ಬಂತು

ಎರಡಕ್ಕೂ ಕಾರಣ ಒಂದೇ, ರಿಪೀಟ್ ಅಳೆಯದೆ ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದದ್ದು.

ಮಿಲ್ಲಿನ ಪ್ರಿಂಟ್ ಬಟ್ಟೆಯನ್ನು ಹೆಚ್ಚಾಗಿ ಉರುಳುವ ಸಿಲಿಂಡರಿನಿಂದ ಅಚ್ಚು ಹಾಕುತ್ತಾರೆ. ಆ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ಒಂದು ಸುತ್ತು ಉರುಳಿದರೆ ಚಿತ್ರ ಮತ್ತೆ ಮೊದಲಿನಿಂದ. ಹಾಗಾಗಿ ಉದ್ದಕ್ಕೆ ಟೇಪು ಹಿಡಿದರೆ 64, ಅಥವಾ ಅದರ ಅರ್ಧ 32, ಅಥವಾ ಕಾಲು ಭಾಗ 16, ಹೀಗೆ ಬರುವುದು ಜಾಸ್ತಿ. ಒಂದು ಹೂವಿನ ನಡುಮಧ್ಯ ಬೆರಳಿಟ್ಟು, ಅಂಚಿಗೆ ಸಮಾನಾಂತರವಾಗಿ ಹೋಗಿ, ಅದೇ ಹೂವು ಅದೇ ದಿಕ್ಕಿಗೆ ಮುಖ ಮಾಡಿ ಸಿಗುವ ತನಕ ಅಳೆಯಿರಿ. ದಿಕ್ಕು ಮುಖ್ಯ. ಎಷ್ಟೋ ಡಿಸೈನಿನಲ್ಲಿ ಅದೇ ಹೂವನ್ನು ನಡುವೆ ಒಮ್ಮೆ ತಲೆಕೆಳಗೆ ಇಟ್ಟಿರುತ್ತಾರೆ, ಅವಸರದಲ್ಲಿ ಅದನ್ನೇ ರಿಪೀಟ್ ಅಂದುಕೊಂಡರೆ ಕೆಟ್ಟಿತು.

ಲೆಕ್ಕ ಹೀಗೆ. 64ರ ರಿಪೀಟಿಗೆ ಷಟ್ಕೋನಕ್ಕೆ 6 ಸಲ, 384 ಸೆಂಟಿಮೀಟರ್, ಕತ್ತರಿಯ ತಪ್ಪಿಗೆ ಸ್ವಲ್ಪ ಸೇರಿಸಿ 4 ಮೀಟರ್. ಅಷ್ಟಕೋನಕ್ಕೆ 8 ಸಲ, 512, ಅಂದರೆ ಐದೂಕಾಲು ಮೀಟರ್ ಕೇಳಿ. 110 ಸೆಂಟಿಮೀಟರ್ ಅಗಲದ ಬಟ್ಟೆಯಾದರೆ ಆರು ಪದರ ಪೇರಿಸಿದ 64 ಸೆಂಟಿಮೀಟರಿನ ಆ ಒಂದು ಪೇರಿನಿಂದ 4 ಇಂಚಿನ ಆರು ಪಟ್ಟಿ ಬರುತ್ತವೆ, ಒಂದು ಪಟ್ಟಿಗೆ 17 ತ್ರಿಕೋನ, ಹತ್ತಿರ ಹತ್ತಿರ ನೂರು ಷಟ್ಕೋನ. ಅದೇ 16ರ ರಿಪೀಟ್ ಆದರೆ ಪೇರಿನಲ್ಲಿ ಒಂದೇ ಪಟ್ಟಿ, 17 ಷಟ್ಕೋನ, ಅಷ್ಟೇ. ಮುಂದಿನ ಪೇರು ಮಾಡಿದರೂ ಅದೇ ಹೂವುಗಳು ತಿರುಗಿ ಬರುತ್ತವೆ. ನನ್ನ ಮೊದಲ ಕೌದಿಯಲ್ಲಿ ಇಂಥ ಮೂರು ಪೇರು ಇದ್ದವು. ಅಗಲಕ್ಕೂ ಒಂದು ಸಲ ಟೇಪು ಹಿಡಿಯಿರಿ. ಅಡ್ಡಕ್ಕೆ ಡಿಸೈನು ಮೂರು ಸಲ ಬಂದಿದ್ದರೆ ಆ ನೂರರಲ್ಲಿ ಎಷ್ಟೋ ಅಕ್ಕತಂಗಿಯರು ಇರುತ್ತಾರೆ.

ಕಟ್‌ಪೀಸ್ ಅಂಗಡಿಯಲ್ಲಿ ಒಂದೇ ಡಿಸೈನಿನ ಎರಡು ತುಂಡು ಕೊಟ್ಟು "ಎರಡೂ ಕೂಡಿ 4 ಮೀಟರ್ ಆಗತೈತ್ರಿ ಅಕ್ಕಾರ" ಅಂದರೆ ಒಪ್ಪುವ ಮುನ್ನ ಒಂದೊಂದರಲ್ಲೂ ಎಷ್ಟು ಪೂರ್ತಿ ರಿಪೀಟ್ ಇವೆ ಎಣಿಸಿ. ಮೀಟರಿನಲ್ಲಿ 4 ಇದ್ದರೂ ರಿಪೀಟಿನಲ್ಲಿ 5 ಆಗಬಹುದು. ನನಗೆ ಆಗಿದೆ.

ಹೂವು ಬಂದಿದೆ, ಎಸಳು ಮಾತ್ರ ಒಂದಕ್ಕೊಂದು ಕೂಡುತ್ತಿಲ್ಲ

ಇದಕ್ಕೆ ಕಾರಣ ನಾಲ್ಕೈದು ಇರುತ್ತವೆ, ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆರು ತುಂಡನ್ನು ಬಿಡಿಯಾಗಿ ಸಾಲಾಗಿ ಇಟ್ಟು, ಒಂದು ಗುರುತು ಹಿಡಿಯಿರಿ. ನನ್ನ ಎರಡನೇ ಕೌದಿಯ ಬಟ್ಟೆಯಲ್ಲಿ ಗಿಳಿ ಇತ್ತು, ನಾನು ಗಿಳಿಯ ಕಣ್ಣು ಹಿಡಿದೆ. ಮೊದಲ ತುಂಡಿನಲ್ಲಿ ಕಣ್ಣು ಅಂಚಿನಿಂದ ಅರ್ಧ ಇಂಚು ಒಳಗೆ. ಎರಡನೆಯದರಲ್ಲಿ ಸ್ವಲ್ಪ ಆಚೆ. ಆರನೆಯದರಲ್ಲಿ ಕಣ್ಣು ಅರ್ಧ ತುಂಡಾಗಿತ್ತು. ಕೆಳಗಿನ ಪದರಕ್ಕೆ ಹೋದಂತೆಲ್ಲ ಒಂದೇ ಕಡೆಗೆ ಸರಿಯುತ್ತ ಹೋಗಿತ್ತು. ಪದರದಿಂದ ಪದರಕ್ಕೆ ಒಂದೇ ಕಡೆ ಸರಿದಿದ್ದರೆ ಸೂಜಿ ಓರೆಯಾಗಿ ಇಳಿದಿದೆ, ಇಲ್ಲ ಕಟರ್ ವಾಲಿದೆ ಅಂತ ಅರ್ಥ. ಬಟ್ಟೆಯದು ತಪ್ಪಲ್ಲ. ದುಂಡು ತಲೆಯ ಸೂಜಿ ಬಿಟ್ಟು ಚಪ್ಪಟೆ ತಲೆಯ ಉದ್ದ ಸೂಜಿ ಹಿಡಿದೆ. ಮೇಲಿನ ಪದರದ ಗಿಳಿಯ ಕಣ್ಣಿಗೆ ಚುಚ್ಚಿ, ಪದರವನ್ನು ಎತ್ತಿ, ತುದಿ ಕೆಳಗಿನ ಗಿಳಿಯ ಕಣ್ಣಿಗೇ ಹೋಗಿದೆಯಾ ನೋಡಿ, ಹೀಗೆ ಆರರ ತನಕ ಹೋಗಿ, ಆಮೇಲೆ ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಸುತ್ತಲಿನ ಬಟ್ಟೆಯನ್ನು ಅಂಗೈಯಿಂದ ಸಮ ಮಾಡಿದೆ. ಒಂದು ಪೇರಿಗೆ ಇಂಥ ಹತ್ತು ಸೂಜಿ. ಬೇಜಾರಿನ ಕೆಲಸ, ಆದರೆ ಇದನ್ನು ತಪ್ಪಿಸಿದರೆ ಉಳಿದದ್ದೆಲ್ಲ ದಂಡ.

ಪೇರಿನ ಒಂದು ತುದಿಯ ಬ್ಲಾಕ್ ಸರಿ ಬಂದು ಇನ್ನೊಂದು ತುದಿಗೆ ಹೋದಂತೆ ಕೆಡುತ್ತ ಹೋದರೆ ಪ್ರಿಂಟ್ ಓರೆಯಾಗಿದೆ. ಅಚ್ಚು ಹಾಕುವಾಗಲೋ ಆಮೇಲೆ ಬಟ್ಟೆ ಎಳೆದು ಒಣಗಿಸುವಾಗಲೋ ಅಡ್ಡ ಎಳೆ, ಅಂದರೆ ಹೊಕ್ಕು, ಸರಿದುಬಿಟ್ಟಿರುತ್ತದೆ. ಕತ್ತರಿಸಿದ ತುದಿಯಿಂದ ಒಂದು ಹೊಕ್ಕಿನ ಎಳೆ ಪೂರ್ತಿ ಎಳೆದು ತೆಗೆಯಿರಿ, ಆ ಗೆರೆ ಈ ಅಂಚಿನಲ್ಲಿ ಹೂವಿನ ನಡುವೆ ಹೊರಟು ಆ ಅಂಚಿನಲ್ಲಿ ಎಲೆಯ ಮೇಲೆ ಹೋಗಿ ಮುಟ್ಟಿದರೆ ಖಾತ್ರಿ ಆಯ್ತು. ಇಲ್ಲಿ ಟೇಲರಿಂಗ್ ಕಲಿತವರೇ ಜಾಸ್ತಿ ಎಡವುತ್ತಾರೆ, ಯಾಕೆಂದರೆ ನಮಗೆ ಎಳೆ ನೋಡಿ ಕತ್ತರಿಸುವ ಅಭ್ಯಾಸ. ಕೆಲಿಡೋಸ್ಕೋಪಿಗೆ ಎಳೆ ಮರೆತುಬಿಡಿ, ಪ್ರಿಂಟ್ ನೋಡಿ ಕತ್ತರಿಸಿ. ಓರೆ ಎಲ್ಲ ಪದರಕ್ಕೂ ಒಂದೇ ಇದ್ದರೆ ಏನೂ ತೊಂದರೆ ಇಲ್ಲ.

ಯಾವ ಲೆಕ್ಕವೂ ಇಲ್ಲದೆ ಒಂದೊಂದು ತುಂಡು ಒಂದೊಂದು ಕಡೆ ಸರಿದಿದ್ದರೆ ಅದು ಕೈ ಅಚ್ಚಿನ ಬಟ್ಟೆ. ಮರದ ಅಚ್ಚನ್ನು ಮನುಷ್ಯ ಒತ್ತುತ್ತಾನೆ, ಪ್ರತಿ ಸಲ ಕೂದಲೆಳೆಯಷ್ಟು ಆಚೆ ಈಚೆ ಆಗುತ್ತದೆ, ಅದೇ ಅದರ ಸೊಗಸು. ಆದರೆ ಆರು ಪದರ ಕೂಡಿಸಲು ಹೋದರೆ ಆ ಸೊಗಸೇ ಶನಿ ಆಗುತ್ತದೆ. ಜೈಪುರದ ಕೈ ಅಚ್ಚು ಅಂತ ಧಾರವಾಡದ ಒಂದು ಪ್ರದರ್ಶನದಲ್ಲಿ ದುಬಾರಿ ಬಟ್ಟೆ ತಂದು ನಾನೇ ಅತ್ತಿದ್ದೇನೆ. ಆ ಬಟ್ಟೆಗೆ ಮದ್ದಿಲ್ಲ. ಬೇರೆ ಏನಾದರೂ ಹೊಲಿಯಿರಿ.

ಕೈಮಗ್ಗದ ಬಟ್ಟೆಗೂ ಹೆಚ್ಚು ಕಡಿಮೆ ಇದೇ ಮಾತು. ನೇಕಾರ ಹೊಕ್ಕು ಬಡಿಯುವ ಬಿರುಸು ಬೆಳಿಗ್ಗೆ ಒಂದು, ಸಂಜೆ ಒಂದು. ಗದಗ ಬೆಟಗೇರಿಯ ಸೀರೆಯಾಗಲಿ, ಗುಳೇದಗುಡ್ಡದ ಖಣವಾಗಲಿ ಈ ಕೆಲಸಕ್ಕೆ ಮೈಬಟ್ಟೆಯಾಗಿ ಒಗ್ಗುವುದಿಲ್ಲ, ಖಣದ ಬುಟ್ಟಾ ಬೇರೆ ಸಣ್ಣದು. ಆದರೆ ಅಂಚಿನ ಮಾತೇ ಬೇರೆ. ಹಳೇ ಇಳಕಲ್ ಸೀರೆಯ ಅಂಚನ್ನು ಬಿಡಿಸಿಕೊಂಡು, ಗೆರೆಗಳು ತ್ರಿಕೋನದ ತಳಕ್ಕೆ ಸಮ ಬರುವಂತೆ ಕತ್ತರಿಸಿ ಆರು ಕೂಡಿಸಿ ನೋಡಿ. ಗೆರೆ ಗೆರೆಗೆ ಕೂಡಿ ಒಂದರೊಳಗೊಂದು ಷಟ್ಕೋನ, ಬಾವಿಯ ಮೆಟ್ಟಿಲು ಇಣುಕಿದ ಹಾಗೆ. ಅದಕ್ಕೆ ರಿಪೀಟ್ ಅಳೆಯುವ ಗೋಜೂ ಇಲ್ಲ, ಗೆರೆ ಎಲ್ಲಿ ನೋಡಿದರೂ ಗೆರೆಯೇ. ಎಳೆ ಬಿಚ್ಚಿಕೊಳ್ಳುತ್ತದೆ, ಕತ್ತರಿಸುವ ಮೊದಲು ಹಿಂದುಗಡೆ ತೆಳ್ಳನೆ ಕ್ಯಾನ್ವಾಸ್ ಅಂಟಿಸಿ.

ಕನ್ನಡಿಯಲ್ಲಿ ಕಂಡದ್ದು ಒಂದು, ಹೊಲಿದ ಮೇಲೆ ಬಂದದ್ದು ಇನ್ನೊಂದು

ಎರಡು ಸಣ್ಣ ಕನ್ನಡಿಗೆ ಬೆನ್ನಿನಲ್ಲಿ ಟೇಪ್ ಅಂಟಿಸಿ ಪುಸ್ತಕದ ಹಾಗೆ ತೆರೆಯುವಂತೆ ಮಾಡಿ, 60 ಡಿಗ್ರಿಗೆ ತೆರೆದು ಬಟ್ಟೆಯ ಮೇಲೆ ನಿಲ್ಲಿಸಿದರೆ ಇಡೀ ಷಟ್ಕೋನ ಕಾಣುತ್ತದೆ. ನಾನು ಮೊದಲ ಸಲ ಅಂಗಡಿಯಲ್ಲಿ ಇದನ್ನು ಹೊರಗೆ ತೆಗೆದಾಗ ಥಾನು ಬಿಚ್ಚುತ್ತಿದ್ದ ಹುಡುಗ "ಕನ್ನಡಿ ಯಾಕ್ರೀ, ಬಟ್ಟಿ ಮಾರಿ ನೋಡ್ಕೊಳ್ಳಾಕ ಏನ್ರಿ?" ಅಂದ. ಆಮೇಲೆ ಅವನೇ ಕಸಿದುಕೊಂಡು ಹತ್ತು ನಿಮಿಷ ಆಡಿದ.

ಒಳ್ಳೇ ಉಪಾಯ, ಆದರೆ ಅರ್ಧ ಸುಳ್ಳು ಹೇಳುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1816ರಲ್ಲಿ ಮಾಡಿದ ಕೆಲಿಡೋಸ್ಕೋಪಾಗಲಿ, ನಾವು ಶಾಲೆಯಲ್ಲಿ ಮೂರು ಗಾಜಿನ ಪಟ್ಟಿ ಕಟ್ಟಿ ಬಳೆಚೂರು ಹಾಕಿ ಮಾಡುತ್ತಿದ್ದದ್ದಾಗಲಿ, ನಡೆಯುವುದು ಪ್ರತಿಬಿಂಬದ ಮೇಲೆ. ಕನ್ನಡಿಯಲ್ಲಿ ಒಂದು ಬಿಟ್ಟು ಒಂದು ತುಂಡು ಎಡಬಲ ಅದಲು ಬದಲಾಗಿರುತ್ತದೆ, ಹಾಗಾಗಿ ಗೆರೆ ಗೆರೆಗೆ ಕೂಡುತ್ತದೆ. ನಿಮ್ಮ ಪೇರಿನ ಆರು ತುಂಡಿನಲ್ಲಿ ಅದಲು ಬದಲು ಇಲ್ಲ, ಎಲ್ಲವೂ ಒಂದೇ ಮುಖ. ಒಂದರ ಬಲ ಅಂಚು ಇನ್ನೊಂದರ ಎಡ ಅಂಚಿಗೆ ಬಂದು ಸೇರುತ್ತದೆ. ಅದಕ್ಕೇ ಹೂವು ಕೂಡದೆ, ಗಾಳಿಗೆ ಸಿಕ್ಕ ಗಿರಿಗಟ್ಟೆಯ ಹಾಗೆ ಸುತ್ತುತ್ತಿರುವಂತೆ ಕಾಣುತ್ತದೆ.

ಇದು ದೋಷ ಅಂತ ನಾನು ಒಪ್ಪುವುದಿಲ್ಲ. ನನಗೆ ಆ ಸುತ್ತೇ ಇಷ್ಟ. ಆದರೆ ನಿಮಗೆ ಕನ್ನಡಿಯಲ್ಲಿ ಕಂಡದ್ದೇ ಬೇಕು ಅಂದರೆ ಬಟ್ಟೆಯನ್ನೇ ಬೇರೆ ಆರಿಸಬೇಕು. ಎಡಬಲ ಒಂದೇ ಥರ ಇರುವ ಚಿತ್ರ, ಉದಾಹರಣೆಗೆ ಎದುರು ಬದುರು ಕೂತ ಜೋಡಿ ನವಿಲು, ನಡುವೆ ಕುಂಡ. ಆ ಕುಂಡದ ನಡುಗೆರೆ ತ್ರಿಕೋನದ ತುದಿಯಿಂದ ತಳಕ್ಕೆ ನೇರ ಬರುವಂತೆ ಕತ್ತರಿಸಿದರೆ ಎಡ ಅಂಚು ಬಲ ಅಂಚು ಎರಡೂ ಒಂದೇ, ತಾನಾಗಿ ಕೂಡುತ್ತವೆ. ಮಾವಿನಕಾಯಿ ಬುಟ್ಟಾ ಒಂದೇ ಕಡೆ ಬಾಲ ತಿರುಗಿಸಿರುವುದರಿಂದ ಯಾವತ್ತಿದ್ದರೂ ಸುತ್ತುವ ಜಾತಿ. ಹೀಗೆ ಕುಂಡ ಹುಡುಕಿ ಹುಡುಕಿ ಕತ್ತರಿಸಿದರೆ ಬಟ್ಟೆ ಇಲಿ ಕಡಿದ ಹಾಗೆ ತೂತು ತೂತಾಗಿ ಉಳಿಯುತ್ತದೆ, ಮೀಟರ್ ಜಾಸ್ತಿ ಬೇಕು.

ಅನುಮಾನ ಇದ್ದರೆ ಅರ್ಧ ಮೀಟರ್ ತಂದು ಕಲರ್ ಝೆರಾಕ್ಸ್ ಅಂಗಡಿಯಲ್ಲಿ ಆರು ಪ್ರತಿ ತೆಗೆಸಿ. ಕಾಗದದಲ್ಲೇ ತ್ರಿಕೋನ ಕತ್ತರಿಸಿ ನೆಲದ ಮೇಲೆ ಜೋಡಿಸಿ. ಕನ್ನಡಿ ಹೇಳದ ಸತ್ಯವನ್ನು ಕಾಗದ ಹೇಳುತ್ತದೆ.

ನಡುವೆ ಬೋಳು

ಬಟ್ಟೆಯಲ್ಲಿ ಹೂವಿಗೂ ಹೂವಿಗೂ ನಡುವೆ ಖಾಲಿ ನೆಲ ಜಾಸ್ತಿ. ಕೆಲವು ತ್ರಿಕೋನ ಪೂರ್ತಿ ಆ ಖಾಲಿ ಜಾಗದಲ್ಲೇ ಬಿದ್ದಿವೆ. ನನ್ನ ಲೆಕ್ಕದಲ್ಲಿ ಖಾಲಿ ಜಾಗ ಎಲ್ಲೂ ನಿಮ್ಮ ತ್ರಿಕೋನದ ಅರ್ಧಕ್ಕಿಂತ ಹೆಚ್ಚು ಇರಬಾರದು. ಒಂದಿಷ್ಟು ಖಾಲಿ ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ನಕ್ಷತ್ರದ ತುದಿ ಎಲ್ಲಿ ಮುಗಿಯಿತು ಅಂತ ಗೊತ್ತಾಗದು. ಬೋಳು ಬ್ಲಾಕುಗಳನ್ನು ಎಸೆಯಬೇಡಿ. ಅವನ್ನೆಲ್ಲ ಕೌದಿಯ ಅಂಚಿಗೆ ಸರಿಸಿದರೆ ನಡುವಿನ ಹೂವುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ನಡುವೆ ಉಬ್ಬು ಎದ್ದಿದೆ

ಇದು ಅರ್ಧ ಬಟ್ಟೆಯ ತಪ್ಪು, ಅರ್ಧ ಕೋನದ ತಪ್ಪು. ಎಂಟು ತುಂಡು ಒಂದೊಂದೂ 45ರ ಬದಲು 44 ಡಿಗ್ರಿ ಆದರೆ ಒಟ್ಟು 352, ಸುತ್ತು ಪೂರ್ತಿ ಆಗದೆ ಬ್ಲಾಕ್ ಟೋಪಿಯ ಹಾಗೆ ಎದ್ದು ನಿಲ್ಲುತ್ತದೆ. 46 ಆದರೆ 368, ಅಂಚು ಹಪ್ಪಳದ ಹಾಗೆ ಅಲೆ ಅಲೆ ಆಗುತ್ತದೆ. ತ್ರಿಕೋನದ ಎರಡು ಅಂಚಾದರೂ ಕ್ರಾಸ್, ಅಂದರೆ ಎಳೆಗೆ ಓರೆಯಾಗಿ, ಬಂದಿರುತ್ತವೆ, ಎಳೆದರೆ ಹಿಗ್ಗುತ್ತವೆ. ವಾಯಿಲ್, ರೇಯಾನ್ ತಂದಿದ್ದರೆ ಹಿಗ್ಗದೆ ಇರುವುದೇ ಇಲ್ಲ, ಕೇಂಬ್ರಿಕ್ ಅಥವಾ ಪಾಪ್ಲಿನ್ ಮೇಲು. ಕತ್ತರಿಸುವ ಮೊದಲೇ ಗಂಜಿ ಹಾಕಿ ಕಾಗದದ ಹಾಗೆ ಗರಿಗರಿ ಮಾಡಿ. ಷಟ್ಕೋನವಾದರೆ ಮೂರು ಮೂರು ತುಂಡಿನ ಎರಡು ಅರ್ಧ ಮಾಡಿ, ಎರಡರ ಅಂಚನ್ನೂ ಸ್ಕೇಲ್ ಇಟ್ಟು ನೇರ ಮಾಡಿ, ಆಮೇಲೆ ಕೂಡಿಸಿ. ಇಸ್ತ್ರಿಯನ್ನು ಒತ್ತಿ ಎತ್ತಿ, ಉಜ್ಜಬೇಡಿ.

ಒಗೆದ ಮೇಲೆ ಕೆಟ್ಟಿತು

ಕೆಂಪು, ಕಡು ನೀಲಿ ಇದ್ದರೆ ಬಿಳೀ ಒದ್ದೆ ಅರಿವೆಯಿಂದ ಒಂದು ಮೂಲೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ತರಬೇಡಿ, ಉಪ್ಪು ನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ. ಹತ್ತಿ ಬಟ್ಟೆ ಉದ್ದಕ್ಕೆ ಜಾಸ್ತಿ ಕುಗ್ಗುತ್ತದೆ, ಅಗಲಕ್ಕೆ ಕಡಿಮೆ. ಅದಕ್ಕೆ ರಿಪೀಟ್ ಕತ್ತರಿಸುವ ಮೊದಲು ಇಡೀ 4 ಮೀಟರನ್ನು ಒಂದೇ ಸಲ ಒಗೆಯಿರಿ. ಎರಡು ತುಂಡು ಇವತ್ತು, ನಾಲ್ಕು ತುಂಡು ನಾಳೆ ಅಂತ ಒಗೆದರೆ ಗಿಳಿಯ ಕಣ್ಣು ಮತ್ತೆ ಎಲ್ಲೋ ಹೋಗುತ್ತದೆ.

ಒಂದೊಂದು ಬ್ಲಾಕ್ ಚಂದ, ಕೂಡಿಸಿದರೆ ಸಂತೆ

ಬಟ್ಟೆ ಸರಿಯಾಗಿದೆ, ಜೋಡಣೆ ತಪ್ಪಿದೆ. ಬಿಡಿ ಬ್ಲಾಕುಗಳನ್ನು ನೆಲದ ಮೇಲೆ ಹರಡಿ, ತಿಳಿ ಬ್ಲಾಕುಗಳನ್ನು ಒಂದು ಕಡೆಗೆ, ಗಾಢವಾದವನ್ನು ಇನ್ನೊಂದು ಕಡೆಗೆ ಹೊರಳಿಸುತ್ತ ಬನ್ನಿ. ಕುರ್ಚಿ ಹತ್ತಿ ಮೇಲಿನಿಂದ ಫೋಟೊ ತೆಗೆದು ನೋಡಿ. ಅಷ್ಟಕೋನಗಳನ್ನು ಕೂಡಿಸುವಾಗ ಖಾಲಿ ಉಳಿಯುವ ಮೂಲೆ ತುಂಬಲು ಮತ್ತೊಂದು ಪ್ರಿಂಟ್ ತಂದಿದ್ದರೆ ಮೊದಲು ಅದನ್ನು ತೆಗೆಯಿರಿ. ಅಲ್ಲಿಗೆ ಪ್ಲೇನ್ ಬಟ್ಟೆಯೇ ಸರಿ, ಪ್ರಿಂಟಿನಲ್ಲಿ ಇರುವ ಗಾಢ ಬಣ್ಣದ್ದು. ಅತ್ತೆಯವರು ನನ್ನ ಮೂರನೇ ಕೌದಿಯನ್ನು ನೆಲದ ಮೇಲೆ ಹೀಗೆ ಹರಡಿದ್ದಾಗ ಬಂದು, ಕಾಲಿನಿಂದಲೇ ಎರಡು ಬ್ಲಾಕ್ ಅತ್ತಿತ್ತ ಸರಿಸಿ, "ಈಗ ನೋಡು" ಅಂದು ಚಹಾಕ್ಕೆ ಇಡಲು ಹೋದರು. ಆ ಎರಡು ಬ್ಲಾಕ್ ಈಗಲೂ ಅಲ್ಲೇ ಇವೆ.